ಕುಣಿಯೋಕೆ ಎಲ್ಲರೂ, ಆಡೋಕೆ?

ದೊಡ್ಡ ಪಂದ್ಯ ನಡೆಸಿದ್ರೆ ದೇಶ ಒಂದಾಗುತ್ತೆ ಅಂತಾರೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತೆ.

ದಕ್ಷಿಣ ಆಫ್ರಿಕಾದಲ್ಲಿ 1995ರಲ್ಲಿ ರಗ್ಬಿ ವಿಶ್ವಕಪ್ ನಡೆಯಿತು. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ, ನಮ್ಮ ಕಬಡ್ಡಿಗಿಂತ ಒರಟು. ವರ್ಣಭೇದದ ಕಾಲದಲ್ಲಿ ಅಲ್ಲಿ ಅದು ಬಿಳಿಯರ ಆಟ. ಆ ತಂಡದ ಹಸಿರು ಅಂಗಿ ಕಂಡರೆ ಕಪ್ಪು ಜನಕ್ಕೆ ಆಗ್ತಿರಲಿಲ್ಲ, ಎದುರಾಳಿಗಳಿಗೇ ಚಪ್ಪಾಳೆ ತಟ್ಟುತ್ತಿದ್ದರು. 27 ವರ್ಷ ಜೈಲಿನಲ್ಲಿದ್ದು ಆಮೇಲೆ ರಾಷ್ಟ್ರಾಧ್ಯಕ್ಷರಾದ ಮಂಡೇಲಾ ಅವರು ಫೈನಲ್ ದಿನ ಅದೇ ಅಂಗಿ ತೊಟ್ಟು ಬಂದರು. ಮೈದಾನದಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಬಿಳಿಯರೇ. ಅವರೇ “ನೆಲ್ಸನ್, ನೆಲ್ಸನ್” ಅಂತ ಕೂಗಿದರು! ನ್ಯೂಜಿಲೆಂಡನ್ನು 15-12ರಲ್ಲಿ ಸೋಲಿಸಿದ ಆ ರಾತ್ರಿ ಕಪ್ಪು ಬಿಳುಪು ಎನ್ನದೆ ಜನ ಬೀದಿಯಲ್ಲಿ ಕೂಡಿ ಕುಣಿದರು.

ಸರಿ, ಬೆಳಗಾದ ಮೇಲೆ? ಗೆದ್ದ ತಂಡದಲ್ಲಿ ಬಿಳಿಯನಲ್ಲದ ಆಟಗಾರ ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ಕುಣಿಯೋಕೆ ಎಲ್ಲರೂ ಬೇಕು, ಆಡೋಕೆ ಬೇಡ್ವಾ? ಟೆಸ್ಟ್ ಪಂದ್ಯದಲ್ಲಿ ಆ ತಂಡಕ್ಕೆ ಕಪ್ಪು ನಾಯಕ ಬರೋಕೆ 2018 ಆಗಬೇಕಾಯ್ತು. ಅವನೇ ಸಿಯಾ ಕೊಲಿಸಿ, ಮರುವರ್ಷ ವಿಶ್ವಕಪ್ಪನ್ನೂ ಗೆದ್ದ. ಬೀದಿಯ ಆ ಕುಣಿತಕ್ಕಿಂತ ಇಲ್ಲಿ ಹೆಚ್ಚು ಕೆಲಸ ಮಾಡಿದ್ದು ಒಂದು ವಿದ್ಯಾರ್ಥಿವೇತನ ಅಂತ ನನ್ನ ವಾದ. ಬಡ ಕೇರಿಯ ಹುಡುಗನ ಆಟ ನೋಡಿ ಒಳ್ಳೆ ಶಾಲೆಯೊಂದು ಅವನನ್ನು 12ನೇ ವಯಸ್ಸಿಗೇ ಸೇರಿಸಿಕೊಂಡಿತ್ತು.