ಟ್ಯಾಂಕಿನ ಜಂಬ, ಕಾಲಾಳಿನ ಕೈ

ಟ್ಯಾಂಕುಗಳ ಸಂಖ್ಯೆಯೇ ದೇಶದ ಬಲವೆಂದು ದಿಲ್ಲಿಯ ದೊಡ್ಡವರು ಇಂದಿಗೂ ನಂಬಿದ್ದಾರೆ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಕಾಲಾಳು ಹೊತ್ತು ನಡೆಯುವ ಕ್ಷಿಪಣಿ ಅದನ್ನು ಅಳಿಸಿಹಾಕಿ ಅರ್ಧ ಶತಮಾನವಾಯಿತು.

1965ರಲ್ಲಿ ಅಸಲ್ ಉತ್ತರದಲ್ಲಿ ದರ್ಜಿಯ ಮಗ ಅಬ್ದುಲ್ ಹಮೀದ್ ಅಮೆರಿಕದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು ಜೀವ ಕೊಟ್ಟರು. ಆಗ ತೋಪು ಹೊರಲು ಜೀಪು ಬೇಕಿತ್ತು. 1973ರ ಅಕ್ಟೋಬರಿನಲ್ಲಿ ಸೂಯೆಜ್ ದಾಟಿದ ಈಜಿಪ್ಟಿನ ಕಾಲಾಳುಗಳು ರಷ್ಯದ ಕ್ಷಿಪಣಿಯನ್ನು ಪೆಟ್ಟಿಗೆಯಲ್ಲಿ ಹೊತ್ತು ತಂದು ಇಸ್ರೇಲಿನ ಟ್ಯಾಂಕುಗಳನ್ನು ಸುಟ್ಟರು. ಅದು ಬಾಲದಂತೆ ತಂತಿ ಎಳೆದುಕೊಂಡು ಹಾರುತ್ತಿತ್ತು. ತಗಲುವವರೆಗೂ ಸೈನಿಕ ಅಲ್ಲೇ ಕೂತು ನಡೆಸಬೇಕಿತ್ತು. ಇಂದಿನ ಜಾವೆಲಿನ್ ಟ್ಯಾಂಕಿನ ಕಾವನ್ನು ತಾನೇ ಹಿಡಿಯುತ್ತದೆ. ಹಾರಿಸಿದವನು ಓಡಿ ಅಡಗಬಹುದು. ಅದು ಮೇಲೇರಿ, ಉಕ್ಕು ತೆಳುವಾಗಿರುವ ನೆತ್ತಿಗೇ ಎರಗುತ್ತದೆ.

ಮೇಗುಂದದ ಓದುಗರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ತಿರುವಿನಲ್ಲಿ ಲೋಡು ಲಾರಿಯೊಂದು ಅಡ್ಡ ನಿಂತರೆ ಹಿಂದಿನ ಸಾಲು ಏನಾಗುತ್ತದೆಂದು ಅವರು ಬಲ್ಲರು. 2022ರ ಮಾರ್ಚಿನಲ್ಲಿ ಕೀವ್ ಬಳಿಯ ಬ್ರೋವರಿಯ ಹೆದ್ದಾರಿಯಲ್ಲಿ ರಷ್ಯದ ಟ್ಯಾಂಕು ಸಾಲು ಹಾಗೆಯೇ ಸಿಕ್ಕಿಬಿದ್ದು ಹಿಂತಿರುಗಿತು.

ಹಾಗೆಂದು ಟ್ಯಾಂಕು ಸತ್ತೇಹೋಯಿತೆಂದು ಷರಾ ಬರೆಯುವ ಪಂಡಿತರನ್ನೂ ನಾವು ನಂಬೆವು. ಅದೇ 1973ರ ಅಕ್ಟೋಬರ್ 14ರಂದು ಈಜಿಪ್ಟು ಕ್ಷಿಪಣಿಗಳ ಆಸರೆ ಬಿಟ್ಟು ತನ್ನ ಟ್ಯಾಂಕುಗಳನ್ನು ಮುಂದೆ ನುಗ್ಗಿಸಿ ಭಾರೀ ನಷ್ಟ ಅನುಭವಿಸಿತು. ಕಾಲಾಳಿನ ಕಾವಲಿಲ್ಲದೆ ಒಂಟಿಯಾಗಿ ಹೋದ ಟ್ಯಾಂಕು ಯಾರದ್ದಾದರೂ ಸುಡುತ್ತದೆ. ಒಳಗೆ ಬೇಯುವವನು ಯಾವ ಊರಿನಲ್ಲೂ ಜಮೀನ್ದಾರನ ಮಗನಲ್ಲ.

ನಮ್ಮ ಸರಕಾರ ಮಾಡಿದ್ದೇನು? ‘ನಾಗ್’ ಕ್ಷಿಪಣಿಯ ಯೋಜನೆ ಆರಂಭವಾದದ್ದು 1983ರಲ್ಲಿ. ಕೊನೆಯ ಪರೀಕ್ಷೆ ಮುಗಿದದ್ದು 2020ರಲ್ಲಿ. ಅದೂ ಗಾಡಿಯ ಮೇಲೇರಿ ಹೋಗುವಂಥದ್ದು. ಕಾಲಾಳಿನ ಸ್ವದೇಶಿ ಕ್ಷಿಪಣಿ 2024ರ ಏಪ್ರಿಲಿನಲ್ಲಿ ಇನ್ನೂ ಪೋಖರಣ್ ಮೈದಾನದಲ್ಲಿ ಪರೀಕ್ಷೆಗೆ ನಿಂತಿತ್ತು. ಈ ನಡುವೆ 2021ರಲ್ಲಿ ಫ್ರೆಂಚ್ ಪರವಾನಗಿಯ 4,960 ಮಿಲಾನ್ ಕ್ಷಿಪಣಿಗಳಿಗೆ 1,188 ಕೋಟಿ ರೂಪಾಯಿಯ ಗುತ್ತಿಗೆ. 2025ರ ನವೆಂಬರಿನಲ್ಲಿ ಅಮೆರಿಕ ನಮಗೆ ನೂರು ಜಾವೆಲಿನ್ ಮಾರಲು ಒಪ್ಪಿತು. ಉಡಾವಣಾ ಉಪಕರಣಗಳೂ ಸೇರಿ ಅಂದಾಜು ಬೆಲೆ 4.57 ಕೋಟಿ ಡಾಲರ್, ಅಂದರೆ ತಲಾ ಸುಮಾರು ನಾಲ್ಕು ಕೋಟಿ ರೂಪಾಯಿ! ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಬಿಇಎಲ್‌ಗೆ 2022ರಲ್ಲಿ ಟಿ-90 ಟ್ಯಾಂಕಿನ ಇರುಳುಗಣ್ಣು ಮಾಡಲು 1,075 ಕೋಟಿಯ ಗುತ್ತಿಗೆ ಕೊಟ್ಟವರೂ ಇವರೇ. ಆ ಕೈಚಳಕ ನಮ್ಮಲ್ಲಿದೆಯೆಂದು ಗೊತ್ತಿದ್ದೂ ಪರದೇಶದ ವ್ಯಾಪಾರಿಯ ಬಾಗಿಲು ಬಡಿಯುವುದೇಕೆ?

ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದಾಗ ಮಲೆನಾಡಿಗೆ ಬದಲಿ ಸಿಗಲಿಲ್ಲ. ಕಾಯಿರಿ ಎಂದರು. ಡಾಲರಿನ ವ್ಯಾಪಾರಿಗೆ ಕಾಯಿರಿ ಎಂದು ಹೇಳಿದವರನ್ನು ನಾವು ಕಂಡಿಲ್ಲ.

2024ರ ಸೆಪ್ಟೆಂಬರಿನಲ್ಲಿ ಹಳೆಯ ಟಿ-72ಗಳ ಬದಲಿಗೆ ಹೊಸ ಟ್ಯಾಂಕುಗಳನ್ನು ಕೊಳ್ಳಲು ರಕ್ಷಣಾ ಖಾತೆ ತಾತ್ವಿಕ ಒಪ್ಪಿಗೆ ಕೊಟ್ಟಿದೆ. ಆ ದುಡ್ಡಿಗೆ ಕೈಹಾಕುವ ಮುನ್ನ ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಉತ್ತರಿಸಲಿ: ನೆತ್ತಿಗೆರಗುವ ಕ್ಷಿಪಣಿಗೆ ಆ ಟ್ಯಾಂಕಿನಲ್ಲಿ ಕಾಪೇನು? ನಮ್ಮ ಕಾಲಾಳಿನ ಹೆಗಲಿಗೆ ನಮ್ಮದೇ ಕ್ಷಿಪಣಿ ಬರುವ ತಾರೀಖು ಯಾವುದು?