ಶಕವರ್ಷದ ಗಣನೆ ಮತ್ತು ಗಣಕದ ಕ್ರಮ

ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿ ಪರಿಸರದ ಶಾಸನಗಳ ಗತಶಕವರ್ಷಗಳನ್ನು ಕ್ರಿಸ್ತಶಕಕ್ಕೆ ಪರಿವರ್ತಿಸಲು ‘ಆರ್’ ಭಾಷೆಯಲ್ಲಿ ಲೂಪ್ ಬರೆದು ಒಂದೊಂದನ್ನೇ ಲೆಕ್ಕಿಸಬೇಕಿಲ್ಲ. ಇಡೀ ಕಾಲಂಗೆ ಒಮ್ಮೆಗೇ 78 ಕೂಡಿಸಬಹುದು. ಇದನ್ನು ಕೇವಲ ವೇಗದ ಪ್ರಶ್ನೆಯೆಂದು ಭಾವಿಸುವುದು ಸರಿಯಲ್ಲ. ಲೂಪಿನ ಕ್ರಮಸಂಖ್ಯೆಗಳ ನಡುವೆ ಮರೆಯಾಗುವ ನಿಯಮವು ವೆಕ್ಟರ್ ಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಆದುದರಿಂದ ಅದರ ದೋಷವೂ ವಿಮರ್ಶಕರ ಕಣ್ಣಿಗೆ ಬೀಳುತ್ತದೆ. ಮಾಘ, ಫಾಲ್ಗುಣ ಮಾಸಗಳು ಸಾಮಾನ್ಯವಾಗಿ ಮುಂದಿನ ಕ್ರಿಸ್ತವರ್ಷಕ್ಕೆ ಸೇರುವುದರಿಂದ ಅಲ್ಲಿ 79 ಕೂಡಿಸಬೇಕು. ‘ಇಫ್‌ಎಲ್ಸ್’ ಫಂಕ್ಷನ್ ಈ ಭೇದವನ್ನೂ ಒಮ್ಮೆಗೇ ಅನ್ವಯಿಸುತ್ತದೆ. ಪುಷ್ಯಮಾಸದ ತಿಥಿಗಳನ್ನು ಮಾತ್ರ ಪಂಚಾಂಗದ ಗಣನೆಯೊಡನೆ ಹೋಲಿಸಿಯೇ ನಿರ್ಣಯಿಸಬೇಕು. ಸಂವತ್ಸರವೂ ಶಕವರ್ಷವೂ ಪರಸ್ಪರ ಹೊಂದದ ಶಾಸನಗಳನ್ನು ಮೊದಲೇ ಪ್ರತ್ಯೇಕಿಸುವುದು ಅಗತ್ಯ. ಗಣಕವು ನಿಯಮವನ್ನು ಪಾಲಿಸುತ್ತದೆ. ನಿಯಮದ ಹೊಣೆ ಸಂಶೋಧಕರದು.