ವಿಂಟೇಜ್ ಅಲ್ಲದ ಜೀಪು

ಹಳೇ ಸ್ಪೋರ್ಟ್ಸ್ ಕಾರು ರಿಪೇರಿ ಮಾಡಿ ಹೊಸದರಂತೆ ನಿಲ್ಲಿಸೋ ಅಮೆರಿಕದ ವಿಡಿಯೋಗಳನ್ನು ನೀವೂ ನೋಡಿರಬಹುದು. ನನಗಂತೂ ಅದೊಂದು ಹುಚ್ಚು. 1953ರ ಷೆವರ್ಲೆ ಕಾರ್ವೆಟ್ ಅಂದರೆ ಅವರಿಗೆ ಪ್ರಾಣ. ಆ ವರ್ಷ ತಯಾರಾಗಿದ್ದೇ 300, ಎಲ್ಲವೂ ಬಿಳಿ, ಮೈಯೆಲ್ಲ ಫೈಬರ್‌ಗ್ಲಾಸ್. ಅಂಥ ಕಾರಿನಲ್ಲಿ ಹುಟ್ಟಿದಾಗಿನ ಎಂಜಿನ್ನೇ ಇದೆಯಾ ಅಂತ ನಂಬರ್ ನೋಡಿ ಬೆಲೆ ಕಟ್ಟುತ್ತಾರೆ.

ನಮ್ಮ ಆಗುಂಬೆ ಕಡೆ ಬೇರೂರಿದ ಅಮೆರಿಕದ ಗಾಡಿ ಅಂದರೆ ಜೀಪು. ಎರಡನೇ ಮಹಾಯುದ್ಧಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಿಸಿದವು. ಫೋರ್ಡ್‌ನವರು ಬೋಲ್ಟಿನ ತಲೆ ಮೇಲೂ 'ಎಫ್' ಅಂತ ಒತ್ತಿದ್ದರಂತೆ, ಸ್ಟೀಲ್ ಪಾತ್ರೆಗೆ ನಾವು ಹೆಸರು ಹಾಕಿಸಿದ ಹಾಗೆ! 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು.

ಚಿಕ್ಕಪ್ಪನ ಜೀಪು 1968ರದ್ದು, ಸಿಜೆ-3ಬಿ. ಒಂದು ಜೊತೆ ವಾಲ್ವು ಎಂಜಿನ್ನಿನ ನೆತ್ತಿಗೇರಿದ್ದರಿಂದ ಅದರ ಎತ್ತರ ಹೆಚ್ಚಾಗಿ, ಬಾನೆಟ್ಟೂ ಮೇಲೆದ್ದಿದೆ. ಮುಂದಿನ ಚಕ್ರದಿಂದ ಹಿಂದಿನದಕ್ಕೆ ಬರೀ 80 ಇಂಚು. ಆ ಕಾರ್ವೆಟ್‌ಗೆ 102. ಘಾಟಿಯ 14 ತಿರುವುಗಳಲ್ಲಿ ಇಳಿದವರಿಗೆ ಈ 22 ಇಂಚಿನ ಬೆಲೆ ಗೊತ್ತು.

ಅದರ ತಳದ ತಗಡು ತುಕ್ಕು ಹಿಡಿದಿದೆ. ಪೂರ್ತಿ ರಿಪೇರಿ ಮಾಡಿಸಿ ವಿಂಟೇಜ್ ಅಂತಲೇ ನೋಂದಾಯಿಸೋಣ ಅಂತ ನನ್ನ ಲೆಕ್ಕ. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು. ಚಾಸಿ, ಮೈಕಟ್ಟು, ಎಂಜಿನ್ ದೊಡ್ಡ ಬದಲಾವಣೆ ಕಂಡಿರಬಾರದು. ಶುಲ್ಕ 20,000 ರೂಪಾಯಿ, 10 ವರ್ಷದ ಮಾನ್ಯತೆ, 'ವಿಎ' ಅಕ್ಷರದ ನಂಬರ್ ಪ್ಲೇಟು. ಆದರೆ ದಿನಬಳಕೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಬಂಕು, ರಿಪೇರಿ, ಇಷ್ಟಕ್ಕೇ.

ಎಂಜಿನ್ ವಿಷಯಕ್ಕೇ ಸಿಕ್ಕಿಬಿತ್ತು. ಪೆಟ್ರೋಲ್ ಕುಡಿಯೋದು ತಡೆಯಲಾಗದೆ ಅಜ್ಜ ಎಂದೋ ಡೀಸೆಲ್ ಎಂಜಿನ್ ಕೂರಿಸಿದ್ದರು. ಮಲೆನಾಡಲ್ಲಿ ಹಾಗೆ ಮಾಡಿಸಿಕೊಂಡವರು ಒಬ್ಬಿಬ್ಬರಲ್ಲ. ಹಳೇ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದೆ. ಅದನ್ನೇ ಮತ್ತೆ ಕೂರಿಸೋಣವಾ ಅಂತ ಕೇಳಿದೆ.

"ಎಂತಕ್ಕಾ? ಆಮೇಲೆ ಅಡಿಕೆ ಮೂಟೆ ನೀ ಹೊರ್ತೀಯಾ?" ಅಂದ್ರು ಚಿಕ್ಕಪ್ಪ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಐವತ್ತು ವರ್ಷದ ಅಪ್‌ಡೇಟ್ ಅಳಿಸಿ ಮೊದಲ ವರ್ಷನ್‌ಗೆ ಹೋಗಬೇಕು. ಮಳೆಗಾಲದಲ್ಲಿ ಬಾಣಂತಿಯರನ್ನು ತೀರ್ಥಹಳ್ಳಿಗೆ ಮುಟ್ಟಿಸಿದ್ದು ಈ ಡೀಸೆಲ್ ಎಂಜಿನ್ನೇ. ಅದನ್ನು ಕಿತ್ತರೆ ಸಿಗೋದು ಯಾರ ಪರಂಪರೆ?

ವಿಎ ಪ್ಲೇಟಿನ ಆಸೆ ಬಿಟ್ಟಿದ್ದೇವೆ. ಮುಂದಿನ ವಾರ ತಳಕ್ಕೆ ಹೊಸ ತಗಡು, ಬ್ರೇಕಿಗೆ ಹೊಸ ಲೈನಿಂಗ್. ಬಣ್ಣಕ್ಕೆ ಮಾತ್ರ ಇನ್ನೂ ಜಗಳ: ನಾನು ಮಿಲಿಟರಿ ಹಸಿರು ಅಂತೀನಿ, ಚಿಕ್ಕಮ್ಮ ಬಿಳಿ ಅಂತಾರೆ.